ಮಾಡಿದವಳ ಲೋಟ

ಚೀಲದೊಳಗಿನ ಕಷಾಯದ ಫ್ಲಾಸ್ಕು ಹೆಜ್ಜೆಗೊಮ್ಮೆ ಸೊಂಟಕ್ಕೆ ತಾಗುತ್ತಿತ್ತು. ತಾಗಿದಾಗಲೆಲ್ಲ ದೊಡ್ಡಕ್ಕನ ಮನಸ್ಸು ಒಲೆಯ ಮುಂದಕ್ಕೆ ವಾಪಸು ಓಡುತ್ತಿತ್ತು. ಸಕ್ಕರೆ ಸರಿಯಾಗಿ ಕೆಂಪಾಗಿತ್ತು, ಹಳೆಯ ತಾಮ್ರದ ಬಣ್ಣ ಬರುವ ತನಕ ರೆಪ್ಪೆ ಹೊಡೆಯದೆ ನೋಡಿದ್ದಳು. ಜಜ್ಜಿದ ಶುಂಠಿ ಬಿದ್ದಾಗ ಎದ್ದ ಚುಂಯ್ ಸದ್ದು ಸರಿಯಿತ್ತು. ಹಾಲು ಒಂದಲ್ಲ ಎರಡು ಸಲ ಉಕ್ಕಿ ಬಂದು, ಎರಡು ಸಲವೂ ಅವಳು ಊದಿದ ಮೇಲೆ ತಗ್ಗಿತ್ತು. ಕಣ್ಣು ಸಾಕ್ಷಿ ಹೇಳಿತ್ತು, ಕಿವಿ ಸಾಕ್ಷಿ ಹೇಳಿತ್ತು. ಮೂಗು ಮಾತ್ರ ಮಳೆಗಾಲದ ಆ ಜ್ವರದ ನಂತರ, ಅಂದರೆ ಸರಿಯಾಗಿ ನಾಲ್ಕು ತಿಂಗಳಿಂದ, ಏನೂ ಹೇಳುತ್ತಿರಲಿಲ್ಲ. ಹೂವಿಗೂ ಸುಮ್ಮನೆ, ಸೀಮೆಎಣ್ಣೆಗೂ ಸುಮ್ಮನೆ. ಮೊದಲ ವಾರ ನೆಗಡಿ ಎಂದುಕೊಂಡಳು. ಎರಡನೆಯ ತಿಂಗಳು, ಕದ ಹಾಕಿಕೊಂಡು ಈರುಳ್ಳಿಯನ್ನು ಎರಡು ಹೋಳು ಮಾಡಿ ಮೂಗಿಗೆ ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು ಸುರಿಯಿತು, ಮೂಗಿಗೆ ಅದು ತಣ್ಣನೆಯ ಒದ್ದೆ ಕಲ್ಲು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ನಿಂತಿದ್ದದ್ದು ಕೊನೆಯ ಮೇಜಿನಲ್ಲಿ. ಒಗೆದು, ಜಾಲಿಸಿ, ಒಣಗಿಸಿ, ಇಸ್ತ್ರಿಯಾಗಿ ಬಂದ ಪ್ರತಿ ಗಂಟನ್ನೂ ಬಿಚ್ಚಿ, ನಡುವಿನ ಒಂದು ಮಡಿಕೆಯನ್ನು ಮುಖಕ್ಕೆ ಹಿಡಿದು, ತೇವ ಉಳಿದಿದೆಯೋ, ಬ್ಲೀಚಿನ ವಾಸನೆ ಉಳಿದಿದೆಯೋ ನೋಡಿ ವಾರ್ಡಿಗೆ ಬಿಡುವವಳು ಅವಳು. ಅವಳು ಬಿಟ್ಟರೆ ಬಿಟ್ಟ ಹಾಗೆ. ದೊಡ್ಡ ಡಾಕ್ಟರರು ಒಮ್ಮೆ ಅತಿಥಿಗಳನ್ನು ಕರೆತಂದು, “ಇವರ ಮೂಗಿನ ಮುಂದೆ ನಮ್ಮ ಲ್ಯಾಬು ಯಾವ ಲೆಕ್ಕ?” ಎಂದಿದ್ದರು. ಆ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳದೆ, ಒಳ್ಳೆಯ ಸೀರೆಯ ಹಾಗೆ ಮಡಿಸಿ ಒಳಗಿಟ್ಟುಕೊಂಡಿದ್ದಳು.

ದಾರಿ ಈಗ ಮನೆಗಳನ್ನು ಬಿಟ್ಟು ಕೆರೆಯ ಏರಿಯ ಕಡೆಗೆ ಹೊರಳಿತ್ತು. ಬೆಟ್ಟದೂರಿನ ಚಳಿಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು. ಬಾಯಿಂದ ಹೊಗೆ. ಊರಿನವರೆಲ್ಲ ಬಾಗಿಲು ಹಾಕಿಕೊಂಡು ಮುದುಡಿ ಕೂತ ಹೊತ್ತಿನಲ್ಲಿ ಲಾಂಡ್ರಿಯ ಈ ನಾಲ್ವರು ಹೆಂಗಸರು ಹೀಗೆ ಹೊರಟದ್ದನ್ನು ನೋಡಿದವರು ಹುಚ್ಚು ಎನ್ನುತ್ತಿದ್ದರು. ಅನ್ನಲಿ. ವಾರವಿಡೀ ಹಬೆಯಲ್ಲಿ ಬೆಂದವರಿಗೆ ಚಳಿಯೆಂದರೆ ಔತಣ ಎಂಬುದು ಅವರಿಗೇನು ಗೊತ್ತು? ಬೇಸಿಗೆಯಲ್ಲಿ ಲಾಂಡ್ರಿಯ ಒಳಗೂ ಬೆಂಕಿ, ಹೊರಗೂ ಬೆಂಕಿ. ಚಳಿಗಾಲದ ಈ ಎರಡು ತಿಂಗಳು, ಭಾನುವಾರದ ಬೆಳಿಗ್ಗೆ, ಕುತ್ತಿಗೆಯ ಮೇಲಿನ ಸೆರಗನ್ನು ಸ್ವಲ್ಪ ಸರಿಸಿ ಗಾಳಿಯನ್ನು ಒಳಕ್ಕೆ ಬಿಟ್ಟುಕೊಂಡಾಗ ಮೈಯ ಒಂದೊಂದು ರಂಧ್ರವೂ ಕಣ್ಣು ತೆರೆದ ಹಾಗಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಇದನ್ನು ಶುರುಮಾಡಿದವಳು ತಾನೇ ಎಂಬುದು ದೊಡ್ಡಕ್ಕನಿಗೆ ಈ ಏರಿ ಹತ್ತುವಾಗಲೆಲ್ಲ ನೆನಪಾಗುತ್ತಿತ್ತು, ನೆನಪಾದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

“ಇವತ್ತು ಕಿವಿ ಉದುರಿ ಬೀಳೋ ಹಾಗಿದೆ ಕಣ್ರೇ,” ಎಂದರು ಇಸ್ತ್ರಿ ಚಿಕ್ಕಮ್ಮ. ನಾಲ್ವರಲ್ಲಿ ಹಿರಿಯರು, ಇಸ್ತ್ರಿ ಮೇಜಿನವರು, ಎಲ್ಲರಿಗೂ ಚಿಕ್ಕಮ್ಮ.

“ಬಿದ್ರೆ ಎತ್ತಿಟ್ಕೊಳ್ಳಿ ಚಿಕ್ಕಮ್ಮ, ನಾಳೆ ಮಿಷನ್ನಲ್ಲಿ ಹೊಲಿದು ಕೊಡ್ತೀನಿ,” ಎಂದಳು ಹರಿದ ಚಾದರಗಳಿಗೆ ತೇಪೆ ಹಾಕುವ ಹೊಲಿಗೆಯವಳು.

“ನಿನ್ನ ಹೊಲಿಗೆ ನನಗೆ ಗೊತ್ತಿಲ್ವಾ? ಎಡಗಿವಿ ಬಲಕ್ಕೆ, ಬಲಗಿವಿ ಎಡಕ್ಕೆ!”

ಇಬ್ಬರೂ ನಕ್ಕರು. ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಗುಂಗುರು ನಗಲಿಲ್ಲ. ಹೆಗಲ ಮೇಲೆ ನಿಲ್ಲದ ಗುಂಗುರು ಕೂದಲಿಗಾಗಿ ಬಂದ ಹೆಸರು ಅದು. ಜಾಲಿಸುವ ತೊಟ್ಟಿಯವಳು, ಮೂವತ್ತೈದರ ಹೆಂಗಸು, ಇಬ್ಬರು ಹೆಣ್ಣುಮಕ್ಕಳ ತಾಯಿ. ಜಾಲಿಸುವ ತೊಟ್ಟಿಯವಳು ಎನ್ನುವಂತಿರಲಿಲ್ಲ ಈಗ. ಒಂಬತ್ತು ದಿನದಿಂದ ಅವಳು ಕೊಳೆ ಕೋಣೆಯಲ್ಲಿದ್ದಳು, ವಾರ್ಡಿನಿಂದ ಬಂದ ರಕ್ತ, ಕೀವಿನ ಬಟ್ಟೆ ವಿಂಗಡಿಸುವಲ್ಲಿ. ಕಳಿಸಿದವಳು ದೊಡ್ಡಕ್ಕ. ಇವತ್ತು ಇವಳು ಬರಲಾರಳು ಎಂದುಕೊಂಡು ದೊಡ್ಡಕ್ಕ ಮೂರೇ ಲೋಟ ಎತ್ತಿಟ್ಟುಕೊಂಡಿದ್ದಳು, ಆಮೇಲೆ ಏನನಿಸಿತೋ ನಾಲ್ಕನೆಯದನ್ನೂ ತುರುಕಿದ್ದಳು. ಗುಂಗುರು ಎಂದಿನ ಜಾಗದಲ್ಲಿ, ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ, ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ. ಆ ನಿಲುವನ್ನು ದೂರದಿಂದಲೇ ಕಂಡು ದೊಡ್ಡಕ್ಕನಿಗೆ ಎದೆಯಲ್ಲಿ ಮುಳ್ಳಾಡಿದ ಹಾಗಾಯಿತು, ಜೊತೆಗೆ ಒಂದು ಬಗೆಯ ಮೆಚ್ಚುಗೆ. ತಾನಾಗಿದ್ದರೂ ಹೀಗೇ ಬಂದು ನಿಲ್ಲುತ್ತಿದ್ದೆ.

ಒಂಬತ್ತು ದಿನದ ಹಿಂದೆ ಮಕ್ಕಳ ವಾರ್ಡಿನ ನರ್ಸಮ್ಮ ಗಂಟನ್ನು ತಾವೇ ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದ್ದರು. ಬ್ಲೀಚು ಘಾಟು ಹೊಡೆಯುತ್ತಿದೆ, ಮೂರು ವರ್ಷದ ಮಗುವಿನ ಬೆನ್ನೆಲ್ಲ ಕೆಂಪು ದದ್ದು ಎಂದಿದ್ದರು. ಇಸ್ತ್ರಿಯವರು, ಹೊಲಿಗೆಯವರು, ಒಣಗಿಸುವವರು, ಎಲ್ಲರೂ ಕೈಯ ಕೆಲಸ ಬಿಟ್ಟು ದೊಡ್ಡಕ್ಕನ ಕಡೆ ನೋಡಿದರು. ಅವಳು ಚಾದರ ಎತ್ತಿ ಮುಖಕ್ಕೆ ಹಿಡಿದಳು. ಬಟ್ಟೆ, ಬರೀ ಬಟ್ಟೆ. ನಾಲ್ಕು ತಿಂಗಳಿಂದ ಅವಳು ತೇವವನ್ನು ಕೆನ್ನೆಯಿಂದ ಪತ್ತೆ ಮಾಡುತ್ತಿದ್ದಳು, ಬ್ಲೀಚನ್ನು ಹೆಬ್ಬೆರಳು ತೋರುಬೆರಳಿನ ನಡುವಿನ ಜಾರುತನದಿಂದ; ಒಂದೇ ಒಂದು ಗಂಟೂ ವಾಪಸು ಬಂದಿರಲಿಲ್ಲ, ಇಪ್ಪತ್ತಾರು ವರ್ಷದ ಕೈ ಎಂದರೆ ಸುಮ್ಮನೆಯೇ ಎಂದು ರಾತ್ರಿ ಮಲಗುವಾಗ ತನ್ನ ಬೆರಳುಗಳನ್ನು ತಾನೇ ನೇವರಿಸಿಕೊಂಡಿದ್ದಳು. ಆ ಬೆರಳು ಆವತ್ತು ಕೈಕೊಟ್ಟಿತ್ತು. ನೋಡುತ್ತಿದ್ದ ಅಷ್ಟೂ ಕಣ್ಣುಗಳ ನಡುವೆ ಅವಳ ಬಾಯಿಂದ ಬಂದದ್ದು, ಗುಂಗುರುವಿನ ಮುಖಕ್ಕೆ ಚಾದರ ಒತ್ತಿ ಹಿಡಿದು ಕೂಗಿದ್ದು: “ಜಾಲಿಸಿದ್ದು ನೀನಲ್ವಾ? ಮೂಗಿಲ್ವಾ ನಿನಗೆ?” ಅದೇ ಉಸಿರಿನಲ್ಲಿ ಅವಳನ್ನು ಕೊಳೆ ಕೋಣೆಗೆ ಕಳಿಸಿದ್ದಳು.

ಏರಿಯ ಮೇಲೆ, ನೀರು ಬಿಡುವ ಹಳೆಯ ಕೋಣೆಯ ಗೋಡೆಗೆ ಬೆನ್ನುಕೊಟ್ಟು ಕೂರುವುದು ಅವರ ಪದ್ಧತಿ. ಗಾಳಿ ತಾಗುವುದಿಲ್ಲ, ಬಿಸಿಲು ತಾಗುತ್ತದೆ. ಕೆರೆಯ ಅಂಚಿನಲ್ಲಿ ಗಾಜಿನಷ್ಟು ತೆಳ್ಳಗಿನ ಮಂಜುಗಡ್ಡೆ, ನಡುವೆ ಹೆಪ್ಪುಗಟ್ಟದ ನೀರು, ಅದರ ಮೇಲೆ ಯಾರೋ ಮಡಿಸಲು ಹರವಿಟ್ಟ ಚಾದರದ ಹಾಗೆ ಬಿಳಿಯ ಆಕಾಶ. ಇನ್ನೊಂದು ಪದ್ಧತಿಯಿತ್ತು, ಅದನ್ನು ಮಾಡಿದವಳೂ ದೊಡ್ಡಕ್ಕನೇ. ಪಾನಕವೋ ಕಷಾಯವೋ, ತಂದವಳು ಎಲ್ಲರಿಗೂ ಕೊಟ್ಟು ಕೊನೆಗೆ ತಾನು ಕುಡಿಯಬೇಕು. ಅವಳು ಕುಡಿದು ತನ್ನ ಕೈಯ ರುಚಿಗೆ ತಾನೇ ತೀರ್ಪು ಹೇಳುವ ತನಕ ಉಳಿದವರು ಅದರ ಬಗ್ಗೆ ಬಾಯಿ ಬಿಡುವಂತಿಲ್ಲ. ಹೊಗಳುಮಾತು ದೊಡ್ಡಕ್ಕನಿಗೆ ಆಗದು. “ಇವತ್ತು ಶುಂಠಿ ಮುಂದಾಗಿದೆ, ತಪ್ಪು ನಂದು,” ಎಂದೋ, “ಸಕ್ಕರೆ ಒಂದು ಚಿಟಿಕೆ ಹೊತ್ತು ಜಾಸ್ತಿ ನಿಂತಿದೆ,” ಎಂದೋ ಅವಳೇ ಹೇಳುತ್ತಿದ್ದಳು, ಹೇಳಿದ್ದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಚೆನ್ನಾಗಿ ಬಂದ ದಿನ ಒಂದೇ ಮಾತು: “ಹದ.” ಹನ್ನೊಂದು ಚಳಿಗಾಲದಲ್ಲಿ ಆ ಮಾತನ್ನು ಅವಳು ಎಷ್ಟು ಸಲ ಆಡಿದ್ದಾಳೆ ಎಂದು ಇಸ್ತ್ರಿ ಚಿಕ್ಕಮ್ಮ ಬೆರಳು ಮಡಿಸಿ ಹೇಳಬಲ್ಲವರಾಗಿದ್ದರು.

ಲೋಟಗಳಿಗೆ ಬಗ್ಗಿಸಿದಳು. ಕಂದು ಬಣ್ಣದ ಹಾಲಿನ ಹಗ್ಗ ಹೊಗೆಯಾಡುತ್ತ ಇಳಿಯಿತು. ಮೊದಲು ಚಿಕ್ಕಮ್ಮನಿಗೆ, ಆಮೇಲೆ ಹೊಲಿಗೆಯವಳಿಗೆ, ಆಮೇಲೆ ಗುಂಗುರುವಿಗೆ. ಗುಂಗುರು ಎರಡೂ ಕೈಯಲ್ಲಿ ತೆಗೆದುಕೊಂಡಳು, ಕಣ್ಣು ಎತ್ತಲಿಲ್ಲ. ಕೊನೆಯ ಲೋಟ ತನಗೆ. ಬಿಸಿ ಅಂಗೈಗೆ ಏರಿ, ಮಣಿಕಟ್ಟಿಗೆ ಏರಿ, ಮೊಣಕೈಯ ಹಳೆಯ ನೋವಿನ ತನಕ ಬಂತು. ಒಂದು ಗುಟುಕು. ನಾಲಗೆಯ ಮೇಲೆ ಸಿಹಿ ಇತ್ತು, ಗಂಟಲಲ್ಲಿ ಶುಂಠಿ ಗೀರಿತು, ಮೆಣಸು ಕಿವಿಯ ಹಿಂದೆ ಬೆಚ್ಚಗೆ ಮಾಡಿತು. ಎಲ್ಲ ಲೆಕ್ಕದ ಪ್ರಕಾರ ಇತ್ತು. ಮೂಗಿಲ್ಲದೆಯೂ ಮಾಡಿದೆನಲ್ಲ ಎಂಬ ಹೆಮ್ಮೆ, ಯಾರಿಗೂ ಹೇಳಲಾಗದ ಒಂಟಿ ಹೆಮ್ಮೆ, ಗುಟುಕಿನ ಜೊತೆಗೇ ಕೆಳಗಿಳಿಯಿತು.

“ಹದ,” ಎಂದಳು.

ಆ ಮಾತಿನ ನಂತರ ಚಿಕ್ಕಮ್ಮ ತುಟಿ ಚಪ್ಪರಿಸಿ “ನಮ್ಮ ಪುಣ್ಯ ಬಿಡು,” ಎನ್ನಬೇಕಿತ್ತು. ಚಿಕ್ಕಮ್ಮ ಕೆರೆಯ ಆಚೆಯ ದಡವನ್ನು ಇವತ್ತೇ ಹೊಸದಾಗಿ ಕಂಡವರ ಹಾಗೆ ನೋಡುತ್ತಿದ್ದರು. ಹೊಲಿಗೆಯವಳು ಲೋಟವನ್ನು ಮೊಣಕಾಲ ಮೇಲಿಟ್ಟು ಸೆರಗಿನಿಂದ ಮುಚ್ಚಿದ್ದಳು. ಗುಂಗುರುವಿನ ಲೋಟದಲ್ಲಿ ಕೆನೆ ಕಟ್ಟುತ್ತಿತ್ತು. ಮೂರು ಲೋಟವೂ ತುಂಬಿದ ಹಾಗೇ ಇದ್ದವು.

“ಏನಾಯ್ತು? ಯಾಕೆ ಎಲ್ಲರೂ ಕಲ್ಲು ಬೊಂಬೆ ಥರ ಕೂತಿದ್ದೀರಿ?”

“ಏನಿಲ್ಲಮ್ಮ. ಬಿಸಿ ಇದೆ, ಆರಲಿ ಅಂತ,” ಎಂದರು ಚಿಕ್ಕಮ್ಮ.

“ಈ ಚಳಿಯಲ್ಲಿ ಆರೋ ತನಕ ಕಾಯ್ತಾರಾ? ಕಾದಿರೋ ಇಸ್ತ್ರಿ ಪೆಟ್ಟಿಗೆಗೆ ಬೆರಳು ತಾಗಿಸಿ ನೋಡೋರು ನೀವು.” ದೊಡ್ಡಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಗುಂಗುರು, ನೀನಾದ್ರೂ ಹೇಳು. ಏನಾಗಿದೆ?”

ಗುಂಗುರು ಈಗ ಕಣ್ಣೆತ್ತಿದಳು. “ನನ್ನನ್ಯಾಕೆ ಕೇಳ್ತೀರಿ ದೊಡ್ಡಕ್ಕ? ಮೂಗಿಲ್ಲದವಳು ನಾನು.”

ಆ ಮಾತಿನ ಹಿಂದೆಯೇ, ಯಾರೂ ಬಿಡಿಸಿ ಹೇಳದೆಯೇ, ದೊಡ್ಡಕ್ಕನ ಕಣ್ಣಿಗೆ ನಿನ್ನೆಯ ಸಂಜೆ ಕಟ್ಟಿತು. ಮನೆಯಲ್ಲಿ ಯಜಮಾನರು ಫ್ಲಾಸ್ಕಿನ ಮುಚ್ಚಳ ತೆಗೆದು ಮುಖ ಕಿವುಚಿ, “ಏನೇ ಇದು, ಹಳಸಿದ ಹಾಲಿನ ನಾತ! ನಿನಗೆ ಗೊತ್ತಾಗ್ಲಿಲ್ವಾ?” ಎಂದಿದ್ದರು. ಗೊತ್ತಾಗಲಿಲ್ಲ ಎಂಬುದನ್ನು ಮುಚ್ಚಲು ಅವಳು ಗದರಿದ್ದಳು, ತೊಳೆಯೋಣ ಅಂತಲೇ ಇಟ್ಟಿದ್ದೆ, ಮೂಗು ತೂರಿಸಬೇಡಿ ಎಂದು. ಆಮೇಲೆ ಲಾಂಡ್ರಿಯವಳು ಮಾಡುವುದನ್ನೇ ಮಾಡಿದ್ದಳು, ಬೇರೆ ಮನೆಯ ಯಾವ ಹೆಂಗಸಿಗೂ ಹೊಳೆಯದ್ದನ್ನು: ರಕ್ತದ ಕಲೆಗೆ ಹಾಕುವ ಅಳತೆಯಲ್ಲಿ ಬ್ಲೀಚು ಬೆರೆಸಿ, ಇಡೀ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೂರು ನೀರಲ್ಲಿ ಜಾಲಿಸಿ, ಬೆರಳಾಡಿಸಿ, ಜಾರುತನ ಹೋಗಿದೆ ಎಂದು ಖಾತ್ರಿ ಮಾಡಿಕೊಂಡಿದ್ದಳು. ಮುಚ್ಚಳದೊಳಗಿನ ರಬ್ಬರಿನ ಉಂಗುರವನ್ನು ಮಾತ್ರ ಬಿಚ್ಚಿರಲಿಲ್ಲ. ರಬ್ಬರು ಬ್ಲೀಚನ್ನು ಕುಡಿದು ಕೂತಿರುತ್ತದೆ, ಬಿಸಿ ತಾಗಿದರೆ ಬಿಡುತ್ತದೆ. ಹೊಸಬರು ಬಂದಾಗ ಮೊದಲ ದಿನ ಅವಳೇ ಹೇಳಿಕೊಡುತ್ತಿದ್ದ ಪಾಠ ಅದು. ಇಲ್ಲಿ ಕೂತ ಮೂವರೂ ಆ ವಾಸನೆಯನ್ನು ನಿದ್ದೆಯಲ್ಲೂ ಗುರುತಿಸುವವರು. ಲೋಟ ತುಟಿಯ ಹತ್ತಿರ ಬರುವ ಮೊದಲೇ ತಿಳಿದಿದೆ. ತಿಳಿದೂ ಪದ್ಧತಿಗೆ ಕಟ್ಟುಬಿದ್ದು ಕಾದಿದ್ದಾರೆ, ಅವಳು ಕುಡಿಯಲಿ, ಅವಳೇ ಉಗಿದು ಬೈದುಕೊಳ್ಳಲಿ ಎಂದು. ಅವಳು ಕುಡಿದಳು. ಹದ ಎಂದಳು.

“ದೊಡ್ಡಕ್ಕಂಗೆ ನೆಗಡಿ ಅಲ್ವಾ,” ಎಂದು ಹೊಲಿಗೆಯವಳು ಗಡಿಬಿಡಿಯಲ್ಲಿ ತೇಪೆ ಹಾಕಿದಳು. “ನಿನ್ನೆನೇ ದನಿ ಕಟ್ಟಿತ್ತು. ಈ ಚಳೀಲಿ ಯಾರಿಗಾಗಲ್ಲ ಹೇಳಿ? ಮೂಗು ಕಟ್ಟಿದ್ರೆ ಏನೂ ತಿಳಿಯಲ್ಲಪ್ಪ.”

ಎಷ್ಟು ಸಲೀಸಾದ ದಾರಿ. ತಲೆಯಾಡಿಸಿದರೆ ಸಾಕು. ಹೌದು ಕಣೇ, ನೆಗಡಿ. ಒಂದು ಸೀನು ಸೀನಿದರೂ ಆದೀತು. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಚಿಕ್ಕಮ್ಮ ಏನಾದರೊಂದು ತಮಾಷೆ ಮಾಡುತ್ತಾರೆ, ನಾಳೆ ಅವಳು ಕೊನೆಯ ಮೇಜಿಗೆ ಹೋಗಿ ನಿಲ್ಲುತ್ತಾಳೆ, ಗುಂಗುರು ಕೊಳೆ ಕೋಣೆಗೆ ಹೋಗುತ್ತಾಳೆ. ನಿವೃತ್ತಿಗೆ ಇನ್ನು ಎರಡೂವರೆ ವರ್ಷ. ಎರಡೂವರೆ ವರ್ಷ ಕೆನ್ನೆ, ಬೆರಳು, ಊಹೆ. ಎಲ್ಲೋ ಒಂದು ವಾರ್ಡಿನಲ್ಲಿ ಯಾರದೋ ಬೆನ್ನು. ಅವಳ ಅಮ್ಮ ಪರರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಕಲೆ ಹೋಗದಿದ್ದರೆ ಮಡಿಕೆಯ ಒಳಗೆ ಮುಚ್ಚದೆ ಮೇಲೆ ಕಾಣುವ ಹಾಗೆ ಮಡಿಸಿ, ಯಜಮಾನತಿಗೆ ಬೆರಳಿಟ್ಟು ತೋರಿಸಿ ಕೊಡುತ್ತಿದ್ದಳು. ಬೈಸಿಕೊಂಡು ಬರುವಾಗ ಅಮ್ಮನ ನಡಿಗೆ ಹೋಗುವಾಗಿನದಕ್ಕಿಂತ ಚುರುಕಾಗಿರುತ್ತಿತ್ತು. ಜೊತೆಗೆ ಓಡುತ್ತಿದ್ದ ಎಂಟು ವರ್ಷದವಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಬೈದರಲ್ಲ, ಅಮ್ಮ ಯಾಕೆ ರಾಣಿಯ ಹಾಗೆ ನಡೆಯುತ್ತಾಳೆ?

“ನೆಗಡಿ ಅಲ್ಲ,” ಎಂದಳು ದೊಡ್ಡಕ್ಕ. ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು, ಮಿಷನ್ನುಗಳ ಸದ್ದಿನ ಮೇಲೆ ಕೂಗುವ ದನಿ. “ಯಾರೂ ಕುಡೀಬೇಡಿ ಅದನ್ನ. ಬ್ಲೀಚು ಉಳಿದಿದೆ. ಮುಚ್ಚಳದ ರಬ್ಬರು ಬಿಚ್ಚಿರಲಿಲ್ಲ, ತಪ್ಪು ನಂದು. ನನಗೆ ಗೊತ್ತಾಗ್ಲಿಲ್ಲ. ಜ್ವರ ಬಂತಲ್ಲ ಮಳೆಗಾಲದಲ್ಲಿ, ಆವತ್ತಿಂದ ನನ್ನ ಮೂಗು ಹೋಗಿದೆ. ಏನೂ ತಿಳಿಯಲ್ಲ. ಏನಂದ್ರೆ ಏನೂ.”

ಹೊಲಿಗೆಯವಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಮಕ್ಕಳ ವಾರ್ಡಿನ ಗಂಟು ನನ್ನ ಮೇಜು ದಾಟಿ ಹೋದದ್ದು. ತಡೀಬೇಕಾದವಳು ನಾನು. ಎಲ್ಲರ ಮುಂದೆ ಗುಂಗುರುಗೆ ಅಂದೆನಲ್ಲ, ಆ ಮಾತು ನನಗೆ ನಾನು ಅಂದುಕೊಳ್ಳಬೇಕಾದ್ದು. ಎಲ್ಲರ ಮುಂದೆ ಅಂದೆ, ಅದಕ್ಕೇ ಈಗ ನಿಮ್ಮ ಮುಂದೆ ಹೇಳ್ತಿದ್ದೀನಿ. ನಾಳೆ ಲಾಂಡ್ರಿಯಲ್ಲಿ ಇನ್ನೊಂದು ಸಲ ಹೇಳ್ತೀನಿ, ಅಷ್ಟೂ ಜನರ ಮುಂದೆ. ಆ ನರ್ಸಮ್ಮನ ಹತ್ರವೂ ಹೋಗ್ತೀನಿ.”

ಕ್ಷಮಿಸು ಎಂಬ ಮಾತನ್ನು ಅವಳು ಬೇಕೆಂದೇ ಆಡಲಿಲ್ಲ. ಅದನ್ನು ಅಂದರೆ ಗುಂಗುರು ಆಯ್ತು ಬಿಡಿ ಎನ್ನಲೇಬೇಕಾಗುತ್ತದೆ, ಅದು ಇನ್ನೊಂದು ಬಗೆಯ ಜುಲುಮೆ. ಅವಳು ತನ್ನ ಲೋಟವನ್ನು ಹುಲ್ಲಿನ ಮೇಲೆ ಸುರಿದಳು, ಮಂಜು ಸುಟ್ಟು ಒಂದು ಹಸಿರು ತೇಪೆ ತೆರೆದುಕೊಂಡಿತು. ನಾಚಿಕೆ ಬರುತ್ತದೆಂದು ಕಾದಳು. ಬಂತು, ಕಿವಿ ಬಿಸಿಯಾಯಿತು. ನಾಚಿಕೆಯ ಅಡಿಯಲ್ಲಿ, ತೊಟ್ಟಿಯ ತಳದಲ್ಲಿ ಕಾಲಿಗೆ ನೆಲ ಸಿಕ್ಕ ಹಾಗೆ, ಬೇರೇನೋ ಗಟ್ಟಿಯಾದದ್ದು ಸಿಕ್ಕಿತು.

ಗುಂಗುರು ತನ್ನ ಲೋಟ ಕೆಳಗಿಟ್ಟು ಹೇಳಿದಳು, “ನಂದೂ ತಪ್ಪಿತ್ತು. ಆವತ್ತು ಮೂರನೇ ನೀರಿನ ಹೊತ್ತಿಗೆ ನಲ್ಲಿ ನಿಂತುಹೋಯ್ತು. ಎರಡೇ ನೀರಲ್ಲಿ ಕಳಿಸಿದೆ. ದೊಡ್ಡಕ್ಕನ ಮೇಜು ದಾಟಲ್ಲ, ವಾಪಸ್ ಬಂದೇ ಬರತ್ತೆ, ಆಮೇಲೆ ಜಾಲಿಸಿದ್ರಾಯ್ತು ಅಂದ್ಕೊಂಡೆ.” ಲೋಟದ ಕೆನೆಯನ್ನೇ ನೋಡುತ್ತ, “ವಾಪಸ್ ಬರದೆ ಇದ್ದಾಗ, ನಾನೇ ಸರಿಯಾಗಿ ಜಾಲಿಸಿದ್ದೆನೇನೋ ಅಂತ ಖುಷಿಪಟ್ಟಿದ್ದೆ.”

“ಸರಿ, ಇಬ್ಬರೂ ಸೇರಿ ನಮ್ಮನ್ನ ಚಳಿಗೆ ಕೊಲ್ಲಿ,” ಎಂದರು ಚಿಕ್ಕಮ್ಮ. ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ಎಂದಿನ ಹಾಗೇ ಇತ್ತು. “ಅಲ್ಲಮ್ಮಾ, ಮೂಗು ಹೋಯ್ತು ಅಂತೀಯಲ್ಲ, ಆ ಮೂಗಿನ ತುದಿ ಮೇಲಿನ ಸಿಟ್ಟು ಮಾತ್ರ ಹೇಗೆ ಉಳೀತು?”

“ಅದಕ್ಕೆ ಜ್ವರ ಬರಲಿಲ್ಲ ಚಿಕ್ಕಮ್ಮ,” ಎಂದಳು ದೊಡ್ಡಕ್ಕ. ಎಲ್ಲರಿಗಿಂತ ಮೊದಲು ನಕ್ಕವಳೂ ಅವಳೇ. “ಏಳಿ. ನನ್ನ ಕೈಯಿಂದ ಬಂದದ್ದನ್ನ ಯಾರೂ ಚೆಲ್ಲಿ ಮನೆಗೆ ಹೋಗಕೂಡದು. ನಮ್ಮನೆಗೆ ನಡೀರಿ. ಮತ್ತೆ ಮಾಡ್ತೀನಿ.”

ಇಳಿಯುವಾಗ ಯಾರೂ ಹಿಂದೆ ಉಳಿಯಲಿಲ್ಲ, ಜೊತೆಯಾಗಿ ನಡೆಯಲೂ ಇಲ್ಲ; ಗುಂಗುರು ದೊಡ್ಡಕ್ಕನ ಪಕ್ಕ, ಒಂದು ಮೊಳದ ಅಂತರ ಇಟ್ಟುಕೊಂಡು ಬಂದಳು. ಆ ಒಂದು ಮೊಳ ಇವತ್ತೇ ಮುಚ್ಚುವುದಿಲ್ಲ ಎಂಬುದು ದೊಡ್ಡಕ್ಕನಿಗೆ ಗೊತ್ತಿತ್ತು. ಬಾಗಿಲು ತೆಗೆದ ಯಜಮಾನರು ನಾಲ್ಕು ಕೆಂಪು ಮೂಗುಗಳನ್ನು ನೋಡಿ ಏನೋ ಕೇಳಬೇಕೆಂದವರು, ಹೆಂಡತಿಯ ಮುಖ ನೋಡಿ, ಹೊರಗಿನ ಕೋಣೆಯಲ್ಲಿ ಕುರ್ಚಿ ಎಳೆದುಕೊಡುವುದೇ ಕ್ಷೇಮ ಎಂದುಕೊಂಡರು.

“ನೀನು ಒಳಗೆ ಬಾ,” ಎಂದಳು ದೊಡ್ಡಕ್ಕ ಗುಂಗುರುವಿಗೆ.

ಅಡುಗೆಮನೆ ಇಬ್ಬರಿಗೆ ಇಕ್ಕಟ್ಟು. ಬಾಣಲೆ ಇಟ್ಟಳು, ಸಕ್ಕರೆ ಹಾಕಿದಳು. ಇಷ್ಟು ವರ್ಷದಲ್ಲಿ ಈ ಒಲೆಯ ಮುಂದೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡದ್ದಿಲ್ಲ. ಸಕ್ಕರೆ ಅಂಚಿನಿಂದ ಕರಗತೊಡಗಿತು, ಬಣ್ಣ ತಿರುಗಿತು. ಅವಳು ಬಣ್ಣವನ್ನು ನೋಡಿದಳು, ಪಕ್ಕದವಳ ಮೂಗಿನ ಹೊಳ್ಳೆಗಳನ್ನು ನೋಡಿದಳು. ಅವು ಅಗಲವಾದವು. “ಈಗ,” ಎಂದಳು ಗುಂಗುರು. ಶುಂಠಿ ಬಿತ್ತು. ಬಣ್ಣ ದೊಡ್ಡಕ್ಕನ ಲೆಕ್ಕಕ್ಕಿಂತ ಒಂದು ಕೂದಲು ಹಿಂದಿತ್ತು. ಇಷ್ಟು ವಾರ ತಾನು ಆ ಒಂದು ಕೂದಲು ಮುಂದೆ ಹೋಗುತ್ತಿದ್ದೆನಾ? ಹೋಗುತ್ತಿದ್ದೆ, ಹಾಗಾದರೆ. ಹಾಲು ಸುರಿದಳು. ಉಕ್ಕಿತು, ಊದಿದಳು. ಇನ್ನೊಮ್ಮೆ ಉಕ್ಕಿತು, ಊದಿದಳು. ಕಣ್ಣಿನ ಪ್ರಕಾರ ಆಗಿತ್ತು, ಕಿವಿಯ ಪ್ರಕಾರ ಆಗಿತ್ತು. ಇಕ್ಕಳ ಕೈಗೆ ತೆಗೆದುಕೊಂಡು ಪಾತ್ರೆ ಹಿಡಿದಳು.

“ಇಳಿಸಬೇಡಿ,” ಎಂದಳು ಗುಂಗುರು.

“ಆಗಿದೆ ಕಣೇ. ಎರಡು ಉಕ್ಕು ಬಂತಲ್ಲ.”

“ಇಲ್ಲ ದೊಡ್ಡಕ್ಕ. ಶುಂಠಿ ಹಸಿ ವಾಸನೆ ಇನ್ನೂ ಹೋಗಿಲ್ಲ.”

ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಯಾರೂ ಅವಳಿಗೆ ಇಲ್ಲ ಎಂದಿರಲಿಲ್ಲ. ಗುಂಗುರುವಿನ ದನಿಯಲ್ಲಿ ಭಯ ಇರಲಿಲ್ಲ, ಸೇಡೂ ಇರಲಿಲ್ಲ; ಗಂಟು ಬಿಚ್ಚಿ ನಡುವಿನ ಮಡಿಕೆ ಹಿಡಿದು ನೋಡಿದವಳ ದನಿ ಅದು. ದೊಡ್ಡಕ್ಕ ಅದನ್ನು ಚೆನ್ನಾಗಿ ಬಲ್ಲಳು. ಇಕ್ಕಳವನ್ನು ಕಟ್ಟೆಯ ಮೇಲಿಟ್ಟು, ಉರಿ ಸಣ್ಣ ಮಾಡಿ, ಕೈಕಟ್ಟಿ ನಿಂತಳು. ನಾಳೆ ಕೊನೆಯ ಮೇಜಿಗೆ ಇವಳ ಹೆಸರು ಹೇಳಿದಾಗ ಯಾರಾದರೂ ಯಾಕೆ ಎಂದು ಕೇಳಿದರೆ ಏನು ಹೇಳಬೇಕೆಂಬುದು ಸಿಕ್ಕಿತ್ತು.

ಹೊರಗಿನ ಕೋಣೆಯಿಂದ ಚಿಕ್ಕಮ್ಮನ ಕೂಗು ಬಂತು, “ಏನ್ರೇ, ನಾವು ಹೆಪ್ಪುಗಟ್ಟಿದ ಮೇಲೆ ಕೊಡ್ತೀರಾ?”

“ಅವಳು ಬಿಡೋ ತನಕ ಇಲ್ಲ!” ಎಂದು ದೊಡ್ಡಕ್ಕ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.